ಮುಂಗಾರಿನ ಗಣಿತಜ್ಞ

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳನ್ನು ಹಸಿರಾಗಿಸಿದೆ. ಆದರೆ ನಾಲೆ ತುಂಬಬೇಕಾದರೆ ದೂರದ ಕೊಡಗಿನ ಬೆಟ್ಟಗಳಲ್ಲಿ ಮುಂಗಾರು ಸುರಿಯಬೇಕು. ನಾಲೆಯ ನೀರು ಏರದ ಹೊಲಗಳಲ್ಲಿ ರಾಗಿ ಬಿತ್ತುವ ರೈತನಿಗಂತೂ ಮಳೆಯೊಂದೇ ಗತಿ. ಈ ವರ್ಷ ಮಳೆ ಹೇಗೆ ಎಂಬುದು ಇಲ್ಲಿ ಅನ್ನದ ಪ್ರಶ್ನೆ. ಆ ಪ್ರಶ್ನೆಗೆ ಗಣಿತದಿಂದ ಉತ್ತರ ಹುಡುಕಲು ಭಾರತದಲ್ಲಿ ಇಪ್ಪತ್ತು ವರ್ಷ ದುಡಿದವರು ಸರ್ ಗಿಲ್ಬರ್ಟ್ ವಾಕರ್.

ವಾಕರರು 1868ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ಜನಿಸಿದರು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1889ರ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದರು. ಎಸೆದವನ ಕಡೆಗೇ ಮರಳಿ ಬರುವ ಬೂಮರಾಂಗ್ ಎಂಬ ಮರದ ಆಯುಧದ ಚಲನೆಯನ್ನು ಗಣಿತದಿಂದ ವಿವರಿಸಿ ಹೆಸರು ಪಡೆದರು. ಹವಾಮಾನ ಶಾಸ್ತ್ರ ಅವರ ವಿಷಯವಾಗಿರಲಿಲ್ಲ. ಆದರೂ 1904ರಲ್ಲಿ ಅವರು ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿ ನಿಯುಕ್ತರಾದರು.

ಆ ಹುದ್ದೆಯ ಹೊಣೆ ಹಗುರವಾದುದಲ್ಲ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರಗಾಲ ದಕ್ಷಿಣ ಭಾರತವನ್ನು ನಡುಗಿಸಿತ್ತು. 1871ರಲ್ಲಿ ಸುಮಾರು ಐವತ್ತು ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಹವಾಮಾನ ಇಲಾಖೆ ಮುನ್ಸೂಚನೆ ನೀಡಿತು. ಬಂದದ್ದು ಮತ್ತೊಂದು ಭೀಕರ ಬರಗಾಲ. ಊಹೆಯನ್ನು ನಂಬುವ ಕಾಲ ಮುಗಿಯಿತೆಂದು ವಾಕರರು ಅರಿತರು.

ಅವರು ಹಿಡಿದ ಸಾಧನ ಸಹಸಂಬಂಧ. ಅಂಕಿಗಳ ನಡುವಣ ಇಂತಹ ನಂಟನ್ನು ಅಳೆಯುವ ಕ್ರಮವನ್ನು 1888ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತೋರಿಸಿಕೊಟ್ಟಿದ್ದರು. ಒಂದು ಹಾಳೆಯ ಮೇಲೆ ಒಂದು ಅಡ್ಡಗೆರೆಯನ್ನೂ ಒಂದು ನೆಟ್ಟಗೆರೆಯನ್ನೂ ಎಳೆದು, ಅಡ್ಡಗೆರೆಯಲ್ಲಿ ಮಳವಳ್ಳಿಯ ಮಳೆಯನ್ನು, ನೆಟ್ಟಗೆರೆಯಲ್ಲಿ ಅಲ್ಲಿನ ರಾಗಿಯ ಇಳುವರಿಯನ್ನು ಗುರುತಿಸಬಹುದು. ಒಂದೊಂದು ವರ್ಷಕ್ಕೆ ಒಂದೊಂದು ಚುಕ್ಕೆ. ಚುಕ್ಕೆಗಳು ಬಲಕ್ಕೆ ಹೋದಂತೆ ಮೇಲೇರಿದರೆ ಅದು ಧನ ಸಹಸಂಬಂಧ. ಕೆಳಗಿಳಿದರೆ ಋಣ ಸಹಸಂಬಂಧ. ಕಣದಲ್ಲಿ ಚೆಲ್ಲಿದ ಕಾಳಿನಂತೆ ಎಲ್ಲೆಡೆ ಚದುರಿದರೆ ನಂಟಿಲ್ಲ. ಈ ನಂಟಿನ ಬಲವನ್ನು ತಿಳಿಸುವ ಗುಣಾಂಕ ಧನ ಒಂದರಿಂದ ಋಣ ಒಂದರವರೆಗೆ ಇರುತ್ತದೆ. ಸೊನ್ನೆಯ ಬಳಿ ಇದ್ದರೆ ನಂಟು ಕ್ಷೀಣ.

ವಾಕರರು ಜಗತ್ತಿನ ನಾನಾ ವೀಕ್ಷಣಾಲಯಗಳ ಅಂಕಿಗಳನ್ನು ತರಿಸಿದರು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಭಾರತೀಯ ಗುಮಾಸ್ತರು ಕೈಯಿಂದಲೇ ಲೆಕ್ಕ ಮಾಡಿದರು. ಹಿಮಾಲಯದಲ್ಲಿ ಹಿಮ ಹೆಚ್ಚಿದರೆ ಮುಂಗಾರು ಕುಗ್ಗುವ ಪ್ರವೃತ್ತಿ ಕಂಡಿತು. ದಕ್ಷಿಣ ಅಮೆರಿಕದ ವಾಯುಭಾರ ಹೆಚ್ಚಿದರೆ ಮಳೆಯೂ ಹೆಚ್ಚುವ ಪ್ರವೃತ್ತಿ ಕಂಡಿತು. ಶಾಂತಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುವುದನ್ನೂ ಅವರು ಗುರುತಿಸಿದರು. ತಕ್ಕಡಿಯ ತಟ್ಟೆಗಳಂತಹ ಈ ಏರಿಳಿತಕ್ಕೆ ದಕ್ಷಿಣ ಆಂದೋಲನವೆಂದು ಹೆಸರಿಟ್ಟರು.

ನಂಟು ಕಂಡೊಡನೆ ಕಾರಣ ಸಿಕ್ಕಿತೆಂದು ಅವರು ಬೀಗಲಿಲ್ಲ. ಮದ್ದೂರಿನ ಪೇಟೆಯಲ್ಲಿ ಕೊಡೆಗಳು ಹೆಚ್ಚಿದ ದಿನ ಶಿಂಷಾ ನದಿಯ ನೀರೂ ಹೆಚ್ಚಿರಬಹುದು. ಅಷ್ಟರಿಂದ ಕೊಡೆಗಳು ನದಿಯನ್ನು ತುಂಬಿಸುವುದಿಲ್ಲ. ಎರಡಕ್ಕೂ ಮೂಲ ಮಳೆ. ಇದಲ್ಲದೆ, ನೂರಾರು ಜೋಡಿಗಳನ್ನು ಹೋಲಿಸಿದಾಗ ಕೆಲವು ಬರಿಯ ಆಕಸ್ಮಿಕದಿಂದಲೂ ಹೊಂದಿಕೊಳ್ಳುತ್ತವೆ. ಹೀಗೆ ಮೋಸಹೋಗದಂತೆ, ಹೆಚ್ಚು ಹೋಲಿಕೆಗಳನ್ನು ಮಾಡಿದಷ್ಟೂ ಹೆಚ್ಚು ಬಲವಾದ ಪುರಾವೆ ಬೇಕೆಂಬ ಪರೀಕ್ಷೆಯನ್ನು ಅವರು 1914ರಲ್ಲಿ ರೂಪಿಸಿದರು. ತಮ್ಮ ಶೋಧವನ್ನು ತಾವೇ ಶಂಕಿಸುವ ಈ ಪ್ರಾಮಾಣಿಕತೆ ಅವರ ದೊಡ್ಡ ಗುಣ.

ಪ್ರತಿಭೆಯನ್ನು ಗುರುತಿಸುವ ಹೃದಯವೂ ಅವರಿಗಿತ್ತು. 1913ರಲ್ಲಿ ಮದರಾಸಿಗೆ ಹೋದಾಗ ಅವರು ಬಂದರು ಕಚೇರಿಯ ಗುಮಾಸ್ತರೊಬ್ಬರ ಗಣಿತವನ್ನು ನೋಡಿ ಬೆರಗಾದರು. ಆ ಗುಮಾಸ್ತರೇ ಶ್ರೀನಿವಾಸ ರಾಮಾನುಜನ್. ಅವರಿಗೆ ನೆರವಾಗಬೇಕೆಂದು ವಾಕರರು ವಿಶ್ವವಿದ್ಯಾನಿಲಯಕ್ಕೆ ಬರೆದರು. ರಾಮಾನುಜನ್ನರಿಗೆ ವಿದ್ಯಾರ್ಥಿವೇತನ ದೊರೆಯಿತು.

1924ರಲ್ಲಿ ನಿವೃತ್ತರಾದ ವಾಕರರು ಲಂಡನ್ನಿನಲ್ಲಿ ಪ್ರಾಧ್ಯಾಪಕರಾದರು. ಅವರ ಸೂತ್ರಗಳು ಎಲ್ಲ ವರ್ಷವೂ ಫಲಿಸಲಿಲ್ಲ. ದೂರದ ಸಾಗರಗಳಿಗೂ ಮಳೆಗೂ ಇರುವ ನಂಟಿನ ಕಾರಣವನ್ನು ಹೇಳಲಾಗದೆ ಟೀಕೆಯನ್ನೂ ಎದುರಿಸಿದರು. 1958ರಲ್ಲಿ ಅವರು ತೀರಿಕೊಂಡರು. ಹನ್ನೊಂದು ವರ್ಷಗಳ ಬಳಿಕ, 1969ರಲ್ಲಿ, ಜಾಕಬ್ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಆ ಆಂದೋಲನಕ್ಕೂ ಎಲ್ ನಿನೋ ಎಂಬ ಶಾಂತಸಾಗರದ ಬಿಸಿಗೂ ಇರುವ ಸಂಬಂಧವನ್ನು ವಿವರಿಸಿದರು. ಶಾಂತಸಾಗರದ ಮೇಲಿನ ಗಾಳಿಯ ಸುತ್ತಿಗೆ ವಾಕರರ ಹೆಸರನ್ನೇ ಇಟ್ಟರು.

ಇಂದಿಗೂ ಮುಂಗಾರಿನ ಮುನ್ನ ವಿಜ್ಞಾನಿಗಳು ಶಾಂತಸಾಗರದ ಕಡೆ ನೋಡುತ್ತಾರೆ. ಅದೇ ವೇಳೆಗೆ ಮಳವಳ್ಳಿಯ ರೈತ ಬಿತ್ತನೆಯ ರಾಗಿಯನ್ನು ತೆಗೆದಿಟ್ಟು ಮುಗಿಲನ್ನು ನೋಡುತ್ತಾನೆ. ಆ ಎರಡು ನೋಟಗಳ ನಡುವೆ ಸೇತುವೆ ಕಟ್ಟಲು ತಾಳ್ಮೆಯಿಂದ ದುಡಿದುದೇ ವಾಕರರ ಬಾಳಿನ ಸಾರ್ಥಕತೆ.