ಎರಡೂ ಕಡೆ ಮಾತು ಕೇಳಿಸಿಕೊಂಡ ಶರೀಫಜ್ಜ

ನರಗುಂದ: ಮೊಹರಂ ಬಂತೆಂದರೆ ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಲ್ಲಿ ಡೋಲಿ ಮುಂದೆ ಹೆಜ್ಜೆ ಹಾಕೋರಲ್ಲಿ ಜಾತಿ ಹುಡುಕೋದು ಕಷ್ಟ. ಈ ಹಬ್ಬಕ್ಕೆ ರಿವಾಯತ್ ಪದ ಕಟ್ಟಿದವರಲ್ಲಿ ದೊಡ್ಡ ಹೆಸರು ಸಂತ ಶಿಶುನಾಳ ಶರೀಫರದು.

1819ರ ಜುಲೈ 3ರಂದು ಈಗಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ ಹುಟ್ಟಿದರು. ತಂದೆ ಇಮಾಮ್ ಸಾಹೇಬ, ತಾಯಿ ಹಜ್ಜೂಮಾ. ಕೆಲಕಾಲ ಮಾಸ್ತರಿಕೆ ಮಾಡಿ ಬಿಟ್ಟರು. ಕಳಸದ ಗೋವಿಂದಭಟ್ಟರು ಶಿಷ್ಯನನ್ನಾಗಿ ಮಾಡಿಕೊಂಡು ಜನಿವಾರವನ್ನೂ ಹಾಕಿದರು ಅಂತ ಮಂದಿ ಹೇಳ್ತಾರೆ. ಭಟ್ಟರ ಮೇಲೆ ಬ್ರಾಹ್ಮಣರು ಮುನಿದರು, ಶರೀಫರ ಮೇಲೆ ಅವರದೇ ಜನ. ಆದರೂ ಗುರು ಶಿಷ್ಯನನ್ನು ಬಿಡಲಿಲ್ಲ, ಶಿಷ್ಯ ಗುರುವನ್ನು ಬಿಡಲಿಲ್ಲ.

ನರಗುಂದದ ನೆರೆಯ ನವಲಗುಂದದ ನಾಗಲಿಂಗಸ್ವಾಮಿಗಳು ಶರೀಫರ ಒಡನಾಡಿ. ಮುಸ್ಲಿಂ, ಬ್ರಾಹ್ಮಣ, ಶರಣ ಮೂರೂ ದಾರಿ ಅವರ ಪದಗಳಲ್ಲಿ ಕೂಡಿದವು. ಸೋರುವ ಮಾಳಿಗೆ, ಸೇದುವ ಗುಡಗುಡಿ ಇಂಥ ದಿನಬಳಕೆಯ ವಸ್ತುಗಳೇ ತತ್ವ ಹೇಳಿದವು. ಹೆಂಡತಿ ಫಾತಿಮಾ ತೀರಿದ ಮೇಲೂ ಹಾಡು ನಿಲ್ಲಲಿಲ್ಲ.

1889ರ ಜುಲೈ 3ರಂದು, ಹುಟ್ಟಿದ ತಾರೀಖಿನಂದೇ, ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಕುರಾನ್ ಪಠಣವೂ ಆಯಿತು, ಮಂತ್ರವೂ ಆಯಿತು. ಬದುಕಿದ್ದಾಗ ಎರಡೂ ಕಡೆ ಮಾತು ಕೇಳಿಸಿಕೊಂಡ ಅಜ್ಜನ ಗದ್ದುಗೆಗೆ ಇವತ್ತು ಸಕ್ಕರೆ ಓದಿಸುವವರೂ ಬರ್ತಾರೆ, ಕಾಯಿ ಒಡೆಸುವವರೂ ಬರ್ತಾರೆ.