ಒಂದು ಅಗುಳಿನಿಂದ ದೇಶ ಅಳೆದವರು

ಐಎಸ್‌ಐ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಹೆಲ್ಮೆಟ್ಟಿನ ಮೇಲಿನ ಮುದ್ರೆ ನೆನಪಾಗುತ್ತದೆ. ಕೋಲ್ಕತ್ತದಲ್ಲಿ ಆ ಮೂರಕ್ಷರಕ್ಕೆ ಬೇರೆಯದೇ ಅರ್ಥವಿದೆ. ಶ್ಯಾಮ್‌ಬಜಾರ್ ದಾಟಿ ಬಿ.ಟಿ. ರೋಡ್ ಹಿಡಿದು ಉತ್ತರಕ್ಕೆ ಹೋದರೆ ಬಾರಾನಗರದಲ್ಲಿ ಸಿಗುವ ಭಾರತೀಯ ಸಾಂಖ್ಯಿಕ ಸಂಸ್ಥೆಯೇ ಇಲ್ಲಿನ ಐಎಸ್‌ಐ. ದೇಶದಲ್ಲಿ ಬಡವರೆಷ್ಟು, ಒಂದು ಮನೆ ತಿಂಗಳಿಗೆ ಊಟಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂದು ಇವತ್ತು ನಾವು ಟಿ.ವಿ. ಮುಂದೆ ಕೂತು ವಾದಿಸುವ ಅಂಕಿಗಳ ಬೇರು ಈ ಕಾಂಪೌಂಡಿನೊಳಗಿದೆ. ಆ ಬೇರು ನೆಟ್ಟವರು ಪ್ರಶಾಂತಚಂದ್ರ ಮಹಾಲನೋಬಿಸ್. ದೇಶಕ್ಕೆ ಬೇಕಾದ ಸಂಶೋಧನೆಗೆ ದುಡ್ಡು ಎಲ್ಲಿಂದ ತರುವುದು, ಕೊಟ್ಟವರಿಗೆ ಉತ್ತರ ಹಿಡಿಸದಿದ್ದರೆ ಏನು ಮಾಡುವುದು ಎಂಬ ಪ್ರಶ್ನೆ ಅವರ ಬೆನ್ನು ಬಿಡಲೇ ಇಲ್ಲ.

ಮಹಾಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತದ ಬ್ರಹ್ಮಸಮಾಜದ ಮನೆತನದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1913ರಲ್ಲಿ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್‌ನಲ್ಲಿ ಗಣಿತಜ್ಞ ರಾಮಾನುಜನ್ ಅವರ ಸ್ನೇಹವೂ ಆಯಿತು. ಓದಿದ್ದು ಭೌತಶಾಸ್ತ್ರ. ಆದರೆ ಊರಿಗೆ ಮರಳುವ ಹೊತ್ತಿಗೆ ಸಂಖ್ಯಾಶಾಸ್ತ್ರದ ‘ಬಯೊಮೆಟ್ರಿಕಾ’ ಪತ್ರಿಕೆಯ ಸಂಪುಟಗಳು ಕೈಗೆ ಸಿಕ್ಕವು. ಹಡಗಿನಲ್ಲೇ ಅವನ್ನು ಓದುತ್ತಾ ಬಂದರು. ಕಲ್ಕತ್ತದಲ್ಲಿ ಭೌತಶಾಸ್ತ್ರದ ಮೇಷ್ಟರಾದರೂ ಮನಸ್ಸು ಅಂಕಿಗಳ ಕಡೆ ಹೊರಳಿಯಾಗಿತ್ತು.

ಅವರನ್ನು ಮೊದಲು ಸರ್ಕಾರದ ಬಳಿಗೆ ಕರೆದೊಯ್ದದ್ದು ನೆರೆ. 1922ರಲ್ಲಿ ಉತ್ತರ ಬಂಗಾಳದಲ್ಲಿ, 1926ರಲ್ಲಿ ಒಡಿಶಾದಲ್ಲಿ ನದಿಗಳು ಉಕ್ಕಿದವು. ಒಡಿಶಾದಲ್ಲಿ ನದಿಯ ತಳವೇ ಮೇಲೆದ್ದಿದೆ, ಏರಿ ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಸಲಹೆಯಾಗಿತ್ತು. ಮಹಾಲನೋಬಿಸ್ ಹಲವು ದಶಕಗಳ ಮಳೆ ಮತ್ತು ನೀರಿನ ಮಟ್ಟದ ದಾಖಲೆ ಜಾಲಾಡಿ, ತಳ ಏರಿಲ್ಲ, ಏರಿಗೆ ಸುರಿಯುವ ಹಣ ವ್ಯರ್ಥ, ನೀರನ್ನು ಮೇಲ್ಭಾಗದಲ್ಲೇ ತಡೆಯಬೇಕು ಎಂದು ತೋರಿಸಿದರು. ಲೆಕ್ಕಕ್ಕೆ ಆಗುವ ಖರ್ಚು ಸಣ್ಣದು, ಲೆಕ್ಕವಿಲ್ಲದೆ ಮಾಡುವ ಖರ್ಚು ದೊಡ್ಡದು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

1931ರ ಡಿಸೆಂಬರ್ 17ರಂದು ಸಂಸ್ಥೆ ಹುಟ್ಟುಹಾಕುವ ತೀರ್ಮಾನವಾಯಿತು. ಆಗ ಸ್ವಂತ ಕಟ್ಟಡವಿರಲಿಲ್ಲ, ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದ ಕೋಣೆಯೇ ಕಚೇರಿ. ಮೊದಲ ವರ್ಷದ ಒಟ್ಟು ಖರ್ಚು 250 ರೂಪಾಯಿ ದಾಟಿರಲಿಲ್ಲ. 1933ರಲ್ಲಿ ‘ಸಂಖ್ಯಾ’ ಎಂಬ ಸಂಶೋಧನಾ ಪತ್ರಿಕೆಯೂ ಶುರುವಾಯಿತು.

ಸಂಸ್ಥೆಯನ್ನು ದೊಡ್ಡದು ಮಾಡಿದ್ದು ಸೆಣಬು. ಹೂಗ್ಲಿ ದಡದ ಗಿರಣಿಗಳು, ರಫ್ತುದಾರರು, ಸರ್ಕಾರ, ಎಲ್ಲರಿಗೂ ಆ ವರ್ಷ ಎಷ್ಟು ಸೆಣಬು ಬರುತ್ತದೆ ಎಂದು ಮೊದಲೇ ತಿಳಿಯಬೇಕಿತ್ತು. ಆದರೆ ಸರ್ಕಾರಿ ಅಂದಾಜು ನಂಬುವಂತಿರಲಿಲ್ಲ. 1937ರಲ್ಲಿ ಕೇಂದ್ರ ಸೆಣಬು ಸಮಿತಿಯ ಹಣದಲ್ಲಿ ಮಹಾಲನೋಬಿಸ್ ಮಾದರಿ ಸಮೀಕ್ಷೆ ಆರಂಭಿಸಿದರು. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆಯನ್ನೆಲ್ಲ ಬರಿದು ಮಾಡಬೇಕಿಲ್ಲ, ಒಂದು ಅಗುಳು ಹಿಸುಕಿದರೆ ಸಾಕು ಎಂಬುದು ನಮ್ಮ ಅಡುಗೆಮನೆಯ ಮಾತು. ಕಷ್ಟ ಇರುವುದು ಆ ಅಗುಳನ್ನು ಎಲ್ಲಿಂದ ಆರಿಸಬೇಕು ಎಂಬುದರಲ್ಲಿ. ಗುರುತಿನವರ ಹೊಲ, ರಸ್ತೆ ಬದಿಯ ಹೊಲವನ್ನೇ ಆರಿಸಿದರೆ ಲೆಕ್ಕ ಕೆಟ್ಟಿತು. ಹಾಗಾಗಿ ಆಯ್ಕೆಯನ್ನು ಲಾಟರಿಯಂತೆ ಮಾಡಿದರು. ಅಳೆಯುವವರೇ ತಪ್ಪು ಮಾಡಿದರೆ? ಅದಕ್ಕೂ ಉಪಾಯ ಹುಡುಕಿದರು. ಒಂದೇ ಪ್ರದೇಶಕ್ಕೆ ಎರಡು ತಂಡ, ಒಂದರ ಲೆಕ್ಕ ಇನ್ನೊಂದಕ್ಕೆ ತಿಳಿಯದಂತೆ. ಎರಡರ ನಡುವಿನ ವ್ಯತ್ಯಾಸ ನೋಡಿದರೆ ಎಷ್ಟು ನಂಬಬಹುದು ಎಂಬುದು ಗೊತ್ತಾಗುತ್ತದೆ.

1941ರ ಹೊತ್ತಿಗೆ ಸಮೀಕ್ಷೆ ಇಡೀ ಬಂಗಾಳ ಪ್ರಾಂತ್ಯಕ್ಕೆ ಹಬ್ಬಿತು. ಅದೇ ವರ್ಷ ಸರ್ಕಾರವೂ ಪ್ರತಿಯೊಂದು ಹೊಲ ಎಣಿಸುವ ಕೆಲಸ ಮಾಡಿಸಿತ್ತು. ಕೊನೆಗೆ ಮಾರುಕಟ್ಟೆಗೆ ಬಂದ ಸೆಣಬಿನ ಲೆಕ್ಕಕ್ಕೆ ಹತ್ತಿರವಿದ್ದದ್ದು ಮಾದರಿ ಸಮೀಕ್ಷೆಯ ಅಂಕಿ. ಅದಕ್ಕೆ ತಗಲಿದ ವೆಚ್ಚ, ಆಳುಬಲ ಎರಡೂ ಪೂರ್ಣ ಎಣಿಕೆಯ ಸಣ್ಣ ಪಾಲು ಮಾತ್ರ. ಇಷ್ಟಾದರೂ ಹಣ ಮಂಜೂರಾಗುತ್ತಿದ್ದುದು ವರ್ಷದಿಂದ ವರ್ಷಕ್ಕೆ. ಬೆಳೆ ಹೊಲದಲ್ಲಿರುವಾಗಲೇ ಅಳೆಯಬೇಕು, ಕಡತ ಮೇಜಿನ ಮೇಲೆ ಕೂತರೆ ಸೆಣಬು ಕಾಯುವುದಿಲ್ಲ. ತರಬೇತಿ ಕೊಟ್ಟ ಹುಡುಗರಿಗೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂದು ಹೇಳಲಾಗದ ಸ್ಥಿತಿ. ಯೋಜನೆಯ ಅನುದಾನದ ಮೇಲೆ ದುಡಿಯುವ ಇಂದಿನ ಸಂಶೋಧಕರಿಗೆ ಇದನ್ನು ವಿವರಿಸಬೇಕಿಲ್ಲ.

ಅದೇ 1941ರ ಆರಂಭದಲ್ಲಿ ಈ ಸಂಸ್ಥೆಗೆ ಬಂದು ಸೇರಿದವರು ಇಪ್ಪತ್ತರ ಯುವಕ ಸಿ.ಆರ್. ರಾವ್. ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ತೆಲುಗು ಮನೆತನ. ಕೆಲಸ ಹುಡುಕಿ ಕಲ್ಕತ್ತಕ್ಕೆ ಬಂದಿದ್ದರು, ಅದು ಸಿಗಲಿಲ್ಲ. ಇಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬರ ಪರಿಚಯವಾಗಿ ಸಂಸ್ಥೆಯ ಬಾಗಿಲಿಗೆ ಬಂದರು. ನಾಲ್ಕೇ ವರ್ಷದಲ್ಲಿ ಜಗತ್ತಿನ ಪಠ್ಯಗಳಲ್ಲಿ ಅವರ ಹೆಸರು ಉಳಿಸಿದ ಪ್ರಬಂಧ ಬರೆದರು. ಸೆಣಬು ಎಣಿಸಲು ಬಂದ ದುಡ್ಡು ಇಂಥ ಬುದ್ಧಿಗಳನ್ನೂ ಸಾಕಿತು.

ಸ್ವಾತಂತ್ರ್ಯದ ನಂತರ ಎಣಿಸಬೇಕಾದದ್ದು ಇಡೀ ದೇಶ. 1949ರಲ್ಲಿ ರಾಷ್ಟ್ರೀಯ ಆದಾಯ ಸಮಿತಿ ರಚನೆಯಾಯಿತು. ಅಧ್ಯಕ್ಷರು ಮಹಾಲನೋಬಿಸ್, ಸದಸ್ಯರು ಡಿ.ಆರ್. ಗಾಡ್ಗೀಳ್ ಮತ್ತು ವಿ.ಕೆ.ಆರ್.ವಿ. ರಾವ್. ಮುಂದೆ ಬಳ್ಳಾರಿಯಿಂದ ಸಂಸದರಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದವರು ಇದೇ ರಾವ್. ಆದಾಯ ಲೆಕ್ಕ ಹಾಕಲು ಕೂತರೆ ಹಳ್ಳಿಯ ಮನೆಗಳ ಬಗ್ಗೆ ಮಾಹಿತಿಯೇ ಇಲ್ಲ. ಆ ಕೊರತೆ ತುಂಬಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ನೆಹರೂ ಬೆಂಬಲವಿತ್ತು. ಹಣಕಾಸು ಸಚಿವರಾಗಿದ್ದ ಸಿ.ಡಿ. ದೇಶಮುಖ್ ಸಂಸ್ಥೆಯ ಅಧ್ಯಕ್ಷರೂ ಆಗಿದ್ದರು. ಕಡತ ಈಗ ಮೇಜಿನ ಮೇಲೆ ಕೂರುತ್ತಿರಲಿಲ್ಲ.

ಅಧಿಕಾರಕ್ಕೆ ಅಷ್ಟು ಹತ್ತಿರವಾದದ್ದರಿಂದ ಮಹಾಲನೋಬಿಸ್ ಅಳೆಯುವುದಕ್ಕಷ್ಟೇ ನಿಲ್ಲಲಿಲ್ಲ. 1954ರ ನವೆಂಬರ್‌ನಲ್ಲಿ ನೆಹರೂ ಸಂಸ್ಥೆಗೇ ಬಂದು ಯೋಜನಾ ಅಧ್ಯಯನಗಳಿಗೆ ಚಾಲನೆ ಕೊಟ್ಟರು. ಫ್ರಿಶ್, ಟಿನ್‌ಬರ್ಗನ್, ಲಾಂಗೆ ಅವರಂಥ ಅರ್ಥಶಾಸ್ತ್ರಜ್ಞರು ಬಾರಾನಗರಕ್ಕೆ ಬಂದು ಕೆಲಸ ಮಾಡಿದರು. 1956ರಲ್ಲಿ ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದಿಳಿದದ್ದೂ ಇಲ್ಲಿಗೇ. ಉಕ್ಕು, ಯಂತ್ರಗಳಂಥ ಭಾರಿ ಉದ್ಯಮಕ್ಕೆ ಮೊದಲ ಮಣೆ ಹಾಕಿದ ಎರಡನೇ ಪಂಚವಾರ್ಷಿಕ ಯೋಜನೆಯ ಚೌಕಟ್ಟು ಮಹಾಲನೋಬಿಸ್ ಅವರದು. ಸರ್ಕಾರಿ ವಲಯದ ವೆಚ್ಚ 4,800 ಕೋಟಿ ರೂಪಾಯಿ, ಅದರಲ್ಲಿ 1,200 ಕೋಟಿ ಖೋತಾ ಹಣ. ಇದನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಒಬ್ಬರು ಮಾತ್ರ ಭಿನ್ನಮತದ ಟಿಪ್ಪಣಿ ಬರೆದರು. ಅವರು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಬಿ.ಆರ್. ಶೆಣೈ. ಇಲ್ಲದ ದುಡ್ಡಿನ ಮೇಲೆ ಇಷ್ಟು ದೊಡ್ಡ ಮನೆ ಕಟ್ಟಿದರೆ ಬೆಲೆ ಏರುತ್ತದೆ ಎಂಬುದು ಅವರ ಎಚ್ಚರಿಕೆಯ ತಿರುಳು. 1957ರ ಸುಮಾರಿಗೆ ವಿದೇಶಿ ವಿನಿಮಯ ಬರಿದಾಗಿ ಯೋಜನೆಯನ್ನು ಮೊಟಕುಗೊಳಿಸಬೇಕಾಯಿತು. ಯೋಜನೆ ಪೂರ್ತಿ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಒಂದು ಮಾತು ನಿಜ. ಹೊಲದಲ್ಲಿ ತನ್ನ ಲೆಕ್ಕವನ್ನು ಪರೀಕ್ಷಿಸಲು ಎರಡನೇ ತಂಡ ಇಟ್ಟವರ ಯೋಜನೆಗೆ ದೆಹಲಿಯಲ್ಲಿ ಅಂಥ ಎರಡನೇ ತಂಡ ಇರಲಿಲ್ಲ. ಇದ್ದದ್ದು ಒಬ್ಬ ಶೆಣೈ.

1959ರಲ್ಲಿ ಸಂಸತ್ತು ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸುವ ಕಾಯ್ದೆ ಮಾಡಿತು. ಪದವಿ ಕೊಡುವ ಹಕ್ಕು, ಕೇಂದ್ರದ ಅನುದಾನ ಎರಡೂ ಬಂದವು. ಜತೆಗೆ ಕೆಲಸವನ್ನು ಪರಿಶೀಲಿಸುವ ಸರ್ಕಾರಿ ಸಮಿತಿಗಳೂ ಬಂದವು. ಆದರೂ ಸಂಸ್ಥೆ ಇಲಾಖೆಯಾಗದೆ ನೋಂದಾಯಿತ ಸಂಘವಾಗಿಯೇ ಉಳಿಯಿತು. ಆ ಬಲದಿಂದ ಬೆಂಗಳೂರಿಗೂ ಪಾಲು ಸಿಕ್ಕಿತು. 1962ರಲ್ಲಿ ಎಸ್.ಆರ್. ರಂಗನಾಥನ್ ಅವರ ನೇತೃತ್ವದಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಅಲ್ಲಿ ಶುರುವಾಯಿತು. ಇಂದು ಮೈಸೂರು ರಸ್ತೆಯಲ್ಲಿ ಐಎಸ್‌ಐನ ಬೆಂಗಳೂರು ಕೇಂದ್ರವೇ ಇದೆ.

1970ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕೆಲಸ ಸಂಸ್ಥೆಯಿಂದ ಪೂರ್ತಿಯಾಗಿ ಸರ್ಕಾರದ ಕೈಗೆ ಹೋಯಿತು. 1972ರ ಜೂನ್ 28ರಂದು, 79 ತುಂಬಲು ಒಂದು ದಿನ ಇರುವಾಗ, ಮಹಾಲನೋಬಿಸ್ ತೀರಿಕೊಂಡರು. 2007ರಿಂದ ಅವರ ಜನ್ಮದಿನವನ್ನು ಸಾಂಖ್ಯಿಕ ದಿನವೆಂದು ದೇಶ ಆಚರಿಸುತ್ತಿದೆ.

ಅದೇ ದೇಶದಲ್ಲಿ 2017–18ರ ಗೃಹಬಳಕೆ ವೆಚ್ಚದ ಸಮೀಕ್ಷೆ ಮುಗಿದ ಮೇಲೂ ಹೊರಬರಲಿಲ್ಲ. ಮಾಹಿತಿಯ ಗುಣಮಟ್ಟ ಸರಿಯಿಲ್ಲ ಎಂದು 2019ರಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಗುಣಮಟ್ಟ ಹೇಗಿತ್ತು ಎಂದು ಹೊರಗಿನವರು ನೋಡಿ ಹೇಳುವ ಅವಕಾಶವೇ ಇಲ್ಲವಾಯಿತು. ಸಮೀಕ್ಷೆಗೆ ದುಡ್ಡು ಕೊಟ್ಟದ್ದು ತೆರಿಗೆ ಕಟ್ಟಿದ ನಾವು. ಅಗುಳು ಬೆಂದಿದೆಯೋ ಇಲ್ಲವೋ ಎಂಬ ಉತ್ತರ ಒಲೆಯ ಮುಂದೆ ಕೂತವರ ಬಳಿಯೇ ಉಳಿದರೆ, ಎಲೆ ಹಾಕಿಕೊಂಡು ಕಾದವರ ಪಾಡೇನು?