ತೋರು ದತ್

ಕಲ್ಕತ್ತೆಯ ರಾಮ್‌ಬಾಗಾನಿನ ದತ್ ಮನೆತನವು ವಿದ್ಯೆಗೂ ಕಾವ್ಯಾಭಿರುಚಿಗೂ ಹೆಸರಾಗಿದ್ದಿತು. ಆ ಮನೆತನದ ಗೋವಿಂದಚಂದ್ರ ದತ್ ಮತ್ತು ಕ್ಷೇತ್ರಮಣಿ ದಂಪತಿಗಳಿಗೆ ಅಬ್ಜು, ಅರು, ತೋರು ಎಂಬ ಮೂವರು ಮಕ್ಕಳು. ಕಿರಿಯವಳಾದ ತೋರು ಹುಟ್ಟಿದುದು 1856ರ ಮಾರ್ಚ್ 4ರಂದು. 1862ರಲ್ಲಿ ಈ ಕುಟುಂಬವು ಕ್ರೈಸ್ತಮತವನ್ನು ಸ್ವೀಕರಿಸಿತು. ಆದರೂ ತಾಯಿಯಿಂದ ಕೇಳಿದ ಪುರಾಣಕಥೆಗಳು ಮಕ್ಕಳ ಮನಸ್ಸಿನಲ್ಲಿ ಉಳಿದವು. 1865ರಲ್ಲಿ ಅಬ್ಜು ಎಳೆಯ ವಯಸ್ಸಿನಲ್ಲೇ ತೀರಿಕೊಂಡನು. ಅಂದಿನಿಂದ ಅಕ್ಕತಂಗಿಯರಿಬ್ಬರೂ ಒಬ್ಬರನ್ನೊಬ್ಬರು ಅಗಲದೆ ಬೆಳೆದರು.

ಭಾರತೀಯ ಹೆಣ್ಣುಮಕ್ಕಳು ಕಡಲು ದಾಟುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ, 1869ರಲ್ಲಿ, ಗೋವಿಂದಚಂದ್ರರು ಪತ್ನಿಯನ್ನೂ ಪುತ್ರಿಯರನ್ನೂ ಕರೆದುಕೊಂಡು ಯೂರೋಪಿಗೆ ಹೊರಟರು. ಫ್ರಾನ್ಸ್ ದೇಶದ ನೀಸ್ ನಗರದ ಶಾಲೆಯೊಂದರಲ್ಲಿ ಸೋದರಿಯರು ಕೆಲವು ತಿಂಗಳು ಫ್ರೆಂಚ್ ಕಲಿತರು. ಕಲಿತ ಕಾಲ ಅಲ್ಪವಾದರೂ ತೋರುವಿನ ಬಾಳಿನ ದಾರಿಯನ್ನು ಅದು ನಿರ್ಧರಿಸಿತು. ಆ ಭಾಷೆಯ ಕವಿಗಳನ್ನು ಆಕೆ ಹಗಲಿರುಳೂ ಓದಿದಳು. ಮುಂದೆ ಇಂಗ್ಲೆಂಡಿಗೆ ಹೋದ ಮೇಲೂ ಆ ಒಲವು ತಗ್ಗಲಿಲ್ಲ. 1870–71ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಕ್ಕೆ ಸೋತಾಗ, ತನ್ನ ನಾಡಿಗೇ ಆಪತ್ತು ಬಂದಂತೆ ಆಕೆ ನೊಂದುಕೊಂಡಳು. 1871ರಿಂದ ಕೇಂಬ್ರಿಜ್‌ನಲ್ಲಿದ್ದು, ಸ್ತ್ರೀಯರಿಗಾಗಿ ಏರ್ಪಡಿಸಿದ್ದ ಉಪನ್ಯಾಸಗಳಿಗೆ ಹೋಗುತ್ತಿದ್ದಳು. ತಾವಿಬ್ಬರೂ ಕೂಡಿ ಒಂದು ಕಾದಂಬರಿಯನ್ನು ಹೊರತರಬೇಕು, ಅದನ್ನು ತೋರು ಬರೆಯಬೇಕು, ಅರು ಅದಕ್ಕೆ ಚಿತ್ರಗಳನ್ನು ರಚಿಸಬೇಕು ಎಂಬುದು ಸೋದರಿಯರ ಹಂಬಲವಾಗಿತ್ತು.

1873ರಲ್ಲಿ ಕುಟುಂಬವು ಕಲ್ಕತ್ತೆಗೆ ಮರಳಿತು. ಮರುವರ್ಷವೇ ಅರು ಕ್ಷಯರೋಗಕ್ಕೆ ತುತ್ತಾದಳು. ಕಾದಂಬರಿಯ ಒಂದು ಪುಟವನ್ನೂ ನೋಡುವ ಭಾಗ್ಯ ಅವಳಿಗೆ ದೊರೆಯಲಿಲ್ಲ. ತೋರುವಿನ ದೇಹದಲ್ಲಿಯೂ ಅದೇ ರೋಗ ಬೇರೂರುತ್ತಿದ್ದಿತು. ಆದರೆ ಆಕೆ ಲೇಖನಿಯನ್ನು ಕೆಳಗಿಡಲಿಲ್ಲ. 160ಕ್ಕೂ ಹೆಚ್ಚು ಫ್ರೆಂಚ್ ಕವಿತೆಗಳ ಇಂಗ್ಲಿಷ್ ಅನುವಾದವು 1876ರಲ್ಲಿ ಕಲ್ಕತ್ತೆಯ ಭವಾನೀಪುರದ ಮುದ್ರಣಾಲಯವೊಂದರಿಂದ ಪ್ರಕಟವಾಯಿತು. ಅವುಗಳಲ್ಲಿ ಎಂಟು ಅರುವಿನವು. ಆಡಂಬರವಿಲ್ಲದ, ಸಾಧಾರಣ ಕಾಗದದಲ್ಲಿ ಅಚ್ಚಾದ ಆ ಪುಸ್ತಕವು ಲಂಡನ್ನಿನ ವಿಮರ್ಶಕರಾದ ಎಡ್ಮಂಡ್ ಗಾಸ್ ಅವರ ಕೈಸೇರಿತು. ಮೊದಲು ಉದಾಸೀನದಿಂದ ತೆರೆದ ಅವರು, ಓದಿದ ಬಳಿಕ ಬೆರಗಾಗಿ ಅದನ್ನು ಮೆಚ್ಚಿ ಬರೆದರು.

ಪ್ರಾಚೀನ ಭಾರತದ ಸ್ತ್ರೀಯರನ್ನು ಕುರಿತು ಫ್ರೆಂಚಿನಲ್ಲಿ ಗ್ರಂಥ ರಚಿಸಿದ್ದ ಕ್ಲಾರಿಸ್ ಬಾದೆರ್ ಎಂಬ ವಿದುಷಿಗೆ ತೋರು ಪತ್ರ ಬರೆದು, ಆ ಗ್ರಂಥವನ್ನು ಅನುವಾದಿಸಲು ಅನುಮತಿ ಬೇಡಿದಳು. ಎಂದೂ ಮುಖ ನೋಡದ ಇವರಿಬ್ಬರಲ್ಲಿ ಗಾಢವಾದ ಸ್ನೇಹ ಬೆಳೆಯಿತು. ಇತ್ತ ತೋರು ತಂದೆಯೊಡನೆ ಸಂಸ್ಕೃತದ ಅಭ್ಯಾಸವನ್ನು ಆರಂಭಿಸಿದ್ದಳು. ಪರಭಾಷೆಯ ಕಾವ್ಯಗಳನ್ನು ಹುಡುಕಿ ಹೋದ ಮನಸ್ಸು ಈಗ ತಾಯಿ ಹೇಳಿದ ಕಥೆಗಳ ಮೂಲವನ್ನು ಅರಸತೊಡಗಿತು. ಸಾವಿತ್ರಿ, ಸೀತೆ, ಧ್ರುವ ಮೊದಲಾದವರು ಆಕೆಯ ಇಂಗ್ಲಿಷ್ ಕವನಗಳಲ್ಲಿ ಮೈದಳೆದರು. ಬಾಗ್ಮಾರಿಯ ತೋಟದಲ್ಲಿ ಒಡಹುಟ್ಟಿದವರೊಡನೆ ತಾನು ಆಡಿದ ಗಾಳಿಮರದ ನೆನಪೂ ಕವಿತೆಯಾಯಿತು.

1877ರ ಆರಂಭದಲ್ಲಿ ಆಕೆಯ ಆರೋಗ್ಯ ತೀರ ಕುಸಿಯಿತು. ಆ ವರ್ಷದ ಆಗಸ್ಟ್ 30ರಂದು, ಕೇವಲ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತೋರು ಕಣ್ಮುಚ್ಚಿದಳು. ಮೂವರು ಮಕ್ಕಳನ್ನೂ ಕಳೆದುಕೊಂಡ ತಂದೆಗೆ ಮಗಳ ಕಾಗದಪತ್ರಗಳಲ್ಲಿ ಫ್ರೆಂಚ್ ಕಾದಂಬರಿಯೊಂದರ ಹಸ್ತಪ್ರತಿ ದೊರೆಯಿತು. ಫ್ರಾನ್ಸಿನ ತರುಣಿಯೊಬ್ಬಳ ದಿನಚರಿಯ ರೂಪದಲ್ಲಿದ್ದ ಆ ಕೃತಿಯು 1879ರಲ್ಲಿ ಬಾದೆರ್ ಅವರ ಮುನ್ನುಡಿಯೊಂದಿಗೆ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಭಾರತೀಯ ಲೇಖಕರಿಂದ ಫ್ರೆಂಚಿನಲ್ಲಿ ರಚಿತವಾದ ಮೊದಲ ಕಾದಂಬರಿಯೆಂದು ಅದನ್ನು ಗುರುತಿಸಲಾಗಿದೆ. ಪುರಾಣಕಥೆಗಳ ಕವನಸಂಗ್ರಹವು ಗಾಸ್ ಅವರ ಪೀಠಿಕೆಯೊಂದಿಗೆ 1882ರಲ್ಲಿ ಲಂಡನ್ನಿನಲ್ಲಿ ಬೆಳಕು ಕಂಡಿತು.

ನೀಸ್ ನಗರದ ಶಾಲೆಯಲ್ಲಿ ದೊರೆತ ಕೆಲವೇ ತಿಂಗಳ ಪಾಠವನ್ನು ತೋರು ಪರೀಕ್ಷೆಗೆ ಮೀಸಲಿಡದೆ ಜೀವನದುದ್ದಕ್ಕೂ ಬೆಳೆಸಿದಳು. ಆ ಜೀವನವು ಅತ್ಯಲ್ಪವಾಗಿದ್ದರೂ, ಅದರಲ್ಲಿ ಅರಳಿದ ಕಲ್ಪನೆಯು ಎರಡು ದೇಶಗಳ ಸಾಹಿತ್ಯಕ್ಕೆ ಸಲ್ಲುವಂತಹುದಾಯಿತು.